ಹಾಸನದ ಡಿಟಿಪಿ ಅಂಗಡಿಯಿಂದ ಡೆಬಿಯನ್‌ವರೆಗೆ: ಒಂದು ಸಣ್ಣ ಪ್ಯಾಕೇಜಿನ ಎರಡು ವರ್ಷ

ಹೋದ ವಾರ ರಾತ್ರಿ ಅಂಗಡಿ ಬಾಗಿಲು ಹಾಕುವ ಹೊತ್ತಿಗೆ ಒಂದು ಮೇಲ್ ಬಂತು. ನನ್ನ ಕೀಲಿ ಡೆಬಿಯನ್ ಮೇಂಟೇನರ್‌ಗಳ ಕೀರಿಂಗ್‌ಗೆ ಸೇರಿದೆ ಅಂತ. ಡೆಬಿಯನ್ ಅಂದರೆ ಸ್ವಯಂಸೇವಕರು ಮಾಡುವ ಒಂದು ಲಿನಕ್ಸ್ ಆಪರೇಟಿಂಗ್ ಸಿಸ್ಟಂ. ಕೀಲಿ ಅಂದರೆ ಡಿಜಿಟಲ್ ಸಹಿ ಹಾಕುವ ಕೀಲಿ, ಕೀರಿಂಗ್ ಅಂದರೆ ಅಲ್ಲಿಗೆ ಅಪ್‌ಲೋಡ್ ಮಾಡಬಹುದಾದವರ ಕೀಲಿಗಳ ಗೊಂಚಲು. ಶಟರ್ ಅರ್ಧ ಇಳಿಸಿದವನು ಅಲ್ಲೇ ಮೆಟ್ಟಿಲ ಮೇಲೆ ಕೂತು ಅದನ್ನು ಮೂರು ಸಲ ಓದಿದೆ. ಹಳೇ ಫಾಂಟಿನ ಕನ್ನಡ ಬರಹವನ್ನು ಬದಲಾಯಿಸುವ ಒಂದು ಪ್ಯಾಕೇಜನ್ನು, ಅಂದರೆ ಹಾಕಿಕೊಳ್ಳಲು ಸಿದ್ಧ ಮಾಡಿದ ಸಾಫ್ಟ್‌ವೇರನ್ನು, ಡೆಬಿಯನ್ನಿಗೆ ಸೇರಿಸುವ ಕೆಲಸ ಶುರು ಮಾಡಿ ಎರಡು ವರ್ಷ ದಾಟಿತ್ತು. ಈ ದಾರಿಯಲ್ಲಿ ನಾನು ಎಡವಿದ ಕಡೆ ಇನ್ನೊಬ್ಬರು ಎಡವಬಾರದು ಅಂತ ಇದನ್ನು ಬರೆಯುತ್ತಿದ್ದೇನೆ. ಪ್ಯಾಕೇಜಿನ ಹೆಸರು ಹೇಳಿದರೆ ನನ್ನ ಹೆಸರೂ, ಇದರಲ್ಲಿ ಬರುವ ಇಬ್ಬರು ಮೂವರ ಹೆಸರೂ ಗೊತ್ತಾಗುತ್ತೆ. ಅದಕ್ಕೆ ಹೆಸರು ಬಿಟ್ಟಿದ್ದೇನೆ.

ನನ್ನದು ಹಾಸನದಲ್ಲಿ ಒಂದು ಸಣ್ಣ ಡಿಟಿಪಿ ಅಂಗಡಿ. ಮದುವೆ ಕಾರ್ಡು, ಜಾತ್ರೆ ಕರಪತ್ರ, ಕೋರ್ಟಿನ ಅರ್ಜಿ, ಸಂಘದ ವಾರ್ಷಿಕ ವರದಿ, ಇಂಥವು. ಹಳೇ ಕಂಪ್ಯೂಟರುಗಳು ನಿಧಾನ ಆದಾಗ ಲಿನಕ್ಸ್ ಹಾಕಿಕೊಂಡೆ. ಅಲ್ಲಿಂದ ಒಂದು ತೊಂದರೆ ಶುರುವಾಯಿತು. ಹತ್ತು ಹದಿನೈದು ವರ್ಷದ ಹಿಂದಿನ ಫೈಲುಗಳೆಲ್ಲ ಯೂನಿಕೋಡ್ ಅಲ್ಲ, ಅಂದರೆ ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತದಲ್ಲಿ ಇಲ್ಲ. ಆಗಿನ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚೂರುಗಳನ್ನು ಕೂರಿಸಿದ್ದವು. ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ತೆಗೆದರೆ ಅರ್ಥವಿಲ್ಲದ ಗುರುತುಗಳು ಕಾಣುತ್ತವೆ. ಗಿರಾಕಿ ಬಂದು "ಹೋದ ಸಲದ ಕರಪತ್ರವನ್ನೇ ತಾರೀಖು ಬದಲಾಯಿಸಿ ಕೊಡಿ" ಅಂದರೆ ಪೂರ್ತಿ ಮತ್ತೆ ಟೈಪ್ ಮಾಡಬೇಕಿತ್ತು.

ಹಳೇ ಬರಹವನ್ನು ಯೂನಿಕೋಡಿಗೆ ಬದಲಾಯಿಸುವ, ಪೈಥಾನ್ ಭಾಷೆಯಲ್ಲಿ ಬರೆದ ಒಂದು ಪ್ರೋಗ್ರಾಂ ನನಗೆ ಸಿಕ್ಕಿತು. ಶಿವಮೊಗ್ಗದ ಕಡೆಯ ಒಬ್ಬರು ಬರೆದದ್ದು. ಚೆನ್ನಾಗಿ ಕೆಲಸ ಮಾಡುತ್ತಿತ್ತು. ಆದರೆ ಹಾಕಿಕೊಳ್ಳುವುದು ಕಷ್ಟ. ನಾನು ಅದನ್ನು ಡೆಬಿಯನ್ ಬಗೆಯ (ಡೆಬ್) ಪ್ಯಾಕೇಜು ಮಾಡಿ, ಒಂದು ಸಣ್ಣ ಸರ್ವರ್ ಬಾಡಿಗೆಗೆ ತೆಗೆದುಕೊಂಡು, ನನ್ನದೇ ಒಂದು ಭಂಡಾರ ಮಾಡಿದೆ. ಬೇಲೂರು, ಅರಸೀಕೆರೆ, ಚನ್ನರಾಯಪಟ್ಟಣದ ಕೆಲವು ಅಂಗಡಿಯವರು, ಎರಡು ಶಾಲೆಯವರು ಅದನ್ನು ಸೇರಿಸಿಕೊಂಡರು.

ಪ್ಯಾಕೇಜ್ ಭಂಡಾರ ಅಂದರೆ ಏನು ಅಂತ ಗೊತ್ತಿಲ್ಲದವರಿಗೆ ಎರಡು ಮಾತು. ಲಿನಕ್ಸ್‌ನಲ್ಲಿ ಸಾಫ್ಟ್‌ವೇರನ್ನು ಅಲ್ಲಿ ಇಲ್ಲಿ ಹುಡುಕಿ ಇಳಿಸುವುದಿಲ್ಲ. ಎಲ್ಲವೂ ಒಂದು ಕಡೆ ಇರುತ್ತೆ, ಆಪ್ಟ್ ಅನ್ನುವ ಪ್ರೋಗ್ರಾಂ ಅಲ್ಲಿಂದ ತರುತ್ತೆ. ಪ್ರತಿ ಪ್ಯಾಕೇಜಿಗೂ ಒಂದು ಚೆಕ್‌ಸಮ್, ಅಂದರೆ ಫೈಲು ಬದಲಾಗಿದೆಯಾ ಅಂತ ತಿಳಿಸುವ ಒಂದು ಅಂಕಿ. ಆ ಚೆಕ್‌ಸಮ್‌ಗಳ ಪಟ್ಟಿಗೆ ಭಂಡಾರದವರ ಡಿಜಿಟಲ್ ಸಹಿ. ಕಾಫಿ ಚೀಲದ ಬಾಯಿ ಹೊಲಿದು ಸೀಲು ಹಾಕಿದ ಹಾಗೆ. ಸೀಲು ಸರಿ ಇಲ್ಲದಿದ್ದರೆ ಆಪ್ಟ್ ಆ ಚೀಲ ಇಳಿಸಿಕೊಳ್ಳುವುದಿಲ್ಲ.

ನನ್ನ ಸೀಲೇ ಕೆಟ್ಟಿತು. ಸಹಿ ಹಾಕುವ ಕೀಲಿ ಮಾಡುವಾಗ ಒಂದು ವರ್ಷದ ಅವಧಿ ಕೊಟ್ಟಿದ್ದೆ. ಅದು 2023ರ ಆಗಸ್ಟ್‌ನಲ್ಲಿ ಮುಗಿದದ್ದು ನನಗೆ ನೆನಪೇ ಇರಲಿಲ್ಲ. ಒಂದು ಬೆಳಿಗ್ಗೆ ಏಳು ಫೋನು. ಎಲ್ಲರ ಕಂಪ್ಯೂಟರಿನಲ್ಲೂ ಅಪ್‌ಡೇಟ್ ಮಾಡಲು ಹೋದರೆ ಎರರ್. ಕೀಲಿಯ ಅವಧಿ ಹೆಚ್ಚಿಸಿದರೆ ಸಾಲದು, ಹೊಸದು ಪ್ರತಿ ಕಂಪ್ಯೂಟರಿಗೂ ಮುಟ್ಟಬೇಕು. ಭಾನುವಾರಗಳನ್ನು ಅದಕ್ಕೇ ಕೊಟ್ಟು ಊರೂರಿಗೆ ಹೋಗಿ ಸರಿ ಮಾಡಿದೆ. ಅರಸೀಕೆರೆಯ ಶಾಲೆಯ ಮೇಡಂ ಒಂದು ಮಾತು ಕೇಳಿದರು: "ನಿಮಗೆ ಹುಷಾರಿಲ್ಲದಿದ್ದರೆ ಇದನ್ನು ಯಾರು ನೋಡಿಕೊಳ್ತಾರೆ ಸಾರ್?" ನನ್ನ ಹತ್ತಿರ ಉತ್ತರ ಇರಲಿಲ್ಲ.

ಸ್ವಂತ ಭಂಡಾರ ನಡೆಸುವವರು ಇದ್ದರೆ ದಯವಿಟ್ಟು ಇಷ್ಟು ಮಾಡಿ. ಕೀಲಿಯ ಅವಧಿ ಮುಗಿಯುವ ಎರಡು ತಿಂಗಳು ಮೊದಲಿನ ತಾರೀಖನ್ನು ಗೋಡೆ ಕ್ಯಾಲೆಂಡರಿನಲ್ಲಿ ಬರೆದಿಡಿ. ಕೀಲಿಯನ್ನೂ ಒಂದು ಪ್ಯಾಕೇಜಾಗಿ ಮಾಡಿ ಅದೇ ಭಂಡಾರದಲ್ಲಿ ಇಡಿ, ಆಗ ಹೊಸ ಕೀಲಿ ಅಪ್‌ಡೇಟಿನ ಜೊತೆಗೇ ಹೋಗುತ್ತೆ. ಕೀಲಿ ಸೇರಿಸುವ ಹಳೇ ಆಪ್ಟ್-ಕೀ ವಿಧಾನ ಬಳಸಬೇಡಿ, ಡೆಬಿಯನ್ 13ರಲ್ಲಿ ಅದು ಇಲ್ಲವೇ ಇಲ್ಲ.

ಅದೇ ಸೆಪ್ಟೆಂಬರ್‌ನಲ್ಲಿ ಡೆಬಿಯನ್‌ನವರ ವಾರ್ಷಿಕ ಸಮ್ಮೇಳನ ಕೊಚ್ಚಿಯಲ್ಲಿ ನಡೆಯಿತು. ಭಾರತದಲ್ಲಿ ಅದೇ ಮೊದಲು. ಸೀಸನ್ ಸಮಯ, ನನಗೆ ಹೋಗಲು ಆಗಲಿಲ್ಲ. ವಿಡಿಯೋಗಳನ್ನು ರಾತ್ರಿ ನೋಡಿದೆ. ಡೆಬಿಯನ್ 1993ರಲ್ಲಿ ಇಯಾನ್ ಮರ್ಡಾಕ್ ಶುರು ಮಾಡಿದ್ದು ಅಂತ ಓದಿದ್ದೆ, ಉಬುಂಟು ಅನ್ನುವ ಇನ್ನೊಂದು ಲಿನಕ್ಸ್ ಅದರ ಮೇಲೇ ನಿಂತಿದೆ ಅಂತಲೂ ಗೊತ್ತಿತ್ತು. ಆದರೆ ಈಗಲೂ ಇದನ್ನು ಕಂಪನಿ ನಡೆಸುತ್ತಿಲ್ಲ, ಕೆಲಸ ಮುಗಿಸಿ ಮನೆಗೆ ಬಂದ ಮೇಲೆ ಕೂರುವ ಜನ ನಡೆಸುತ್ತಿದ್ದಾರೆ ಅನ್ನುವುದು ಅವರ ಮುಖ ನೋಡಿದಾಗ ಮನಸ್ಸಿಗೆ ಬಂತು. ನಮ್ಮ ಪ್ಯಾಕೇಜು ಇಲ್ಲಿ ಸೇರಿದರೆ ನನಗೆ ಜ್ವರ ಬಂದರೂ ಅದು ಇರುತ್ತೆ ಅಲ್ವಾ ಅನ್ನಿಸಿತು.

ಮೊದಲ ಹೆಜ್ಜೆ ಐಟಿಪಿ. ಈ ಸಾಫ್ಟ್‌ವೇರನ್ನು ನಾನು ಪ್ಯಾಕೇಜು ಮಾಡಲು ಹೊರಟಿದ್ದೇನೆ ಅಂತ ಡೆಬಿಯನ್ನಿನ ಬಗ್ ಪಟ್ಟಿಯಲ್ಲಿ, ಅಂದರೆ ತಪ್ಪು ಮತ್ತು ಕೋರಿಕೆಗಳನ್ನು ದಾಖಲಿಸುವ ಕಡೆ, ಒಂದು ನಂಬರು ತೆಗೆದುಕೊಳ್ಳುವುದು. ಇಬ್ಬರು ಒಂದೇ ಕೆಲಸ ಮಾಡಬಾರದು ಅಂತ ಈ ಏರ್ಪಾಡು. 2024ರ ಜನವರಿಯಲ್ಲಿ ಅದನ್ನು ಹಾಕಿದೆ.

ಪ್ಯಾಕೇಜು ಹೇಗೂ ಮಾಡಿಟ್ಟಿದ್ದೇನೆ, ಒಂದು ವಾರದ ಕೆಲಸ ಅಂದುಕೊಂಡಿದ್ದೆ. ಎರಡು ತಿಂಗಳಾಯಿತು. ನನ್ನ ಕಂಪ್ಯೂಟರಿನಲ್ಲಿ ಬಿಲ್ಡ್ ಆಗುವುದು, ಅಂದರೆ ಮೂಲ ಕೋಡಿನಿಂದ ಪ್ಯಾಕೇಜು ತಯಾರಾಗುವುದು, ಬೇರೆ, ಖಾಲಿ ಕಂಪ್ಯೂಟರಿನಲ್ಲಿ ಬಿಲ್ಡ್ ಆಗುವುದು ಬೇರೆ. ಎಸ್‌ಬಿಲ್ಡ್ ಅನ್ನುವ ಟೂಲು ಪ್ರತಿ ಸಲ ಒಂದು ಖಾಲಿ ಡೆಬಿಯನ್ ಮಾಡಿಕೊಂಡು, ನಾವು ಬರೆದುಕೊಟ್ಟ ಅವಲಂಬನೆಗಳನ್ನು, ಅಂದರೆ ಅದಕ್ಕೆ ಬೇಕಾದ ಬೇರೆ ಸಾಫ್ಟ್‌ವೇರುಗಳನ್ನು, ಮಾತ್ರ ಹಾಕಿಕೊಂಡು ಬಿಲ್ಡ್ ಮಾಡುತ್ತೆ. ಮೊದಲ ದಿನ ನಾಲ್ಕು ಸಲ ನಿಂತಿತು. ನಾಲ್ಕೂ ಸಲ ನಾನು ಯಾವತ್ತೋ ಹಾಕಿಕೊಂಡು ಮರೆತಿದ್ದ ಯಾವುದೋ ಲೈಬ್ರರಿ. ಆಮೇಲೆ ಲಿಂಟಿಯನ್. ಅದು ಪ್ಯಾಕೇಜನ್ನು ತಿರುವಿ ತಿರುವಿ ನೋಡಿ ತಪ್ಪುಗಳ ಪಟ್ಟಿ ಕೊಡುತ್ತೆ. ಅದನ್ನು ಒಂದೊಂದಾಗಿ ಓದಿ. ಈ ತಪ್ಪು ತೋರಿಸಬೇಡ ಅಂತ ಸುಮ್ನೆ ಅದರ ಬಾಯಿ ಮುಚ್ಚಿಸುವ ಸಾಲು ಬರೆಯಬೇಡಿ, ಸ್ಪಾನ್ಸರ್ ಮೊದಲು ನೋಡುವುದೇ ಅದನ್ನು.

ಸ್ಪಾನ್ಸರ್ ಅಂದರೆ ಅಪ್‌ಲೋಡ್ ಮಾಡುವ ಹಕ್ಕು ಇರುವ ಡೆಬಿಯನ್ ಡೆವಲಪರ್. ಹೊಸಬರ ಪ್ಯಾಕೇಜನ್ನು ಅವರು ಪರೀಕ್ಷೆ ಮಾಡಿ ತಮ್ಮ ಸಹಿ ಹಾಕಿ ಕಳಿಸಬೇಕು. ನಾನು ಹೊಸಬರು ಪ್ಯಾಕೇಜು ಇಡುವ ಮೆಂಟರ್ಸ್ ತಾಣಕ್ಕೆ ಹಾಕಿ, ಸ್ಪಾನ್ಸರ್ ಬೇಕು ಅಂತ ಇನ್ನೊಂದು ಬಗ್ ತೆರೆದು ಕಾದೆ. ಐದು ವಾರ ಯಾರೂ ಮಾತಾಡಲಿಲ್ಲ. ಬೇಜಾರಾಯಿತು, ನಿಜ. ಕನ್ನಡದ ಒಂದು ಸಣ್ಣ ಟೂಲು ಯಾರಿಗೆ ಬೇಕು ಅನ್ನುವ ಯೋಚನೆ ರಾತ್ರಿ ಬರುತ್ತಿತ್ತು. ಆಮೇಲೆ ಗೊತ್ತಾಯಿತು, ನಾನು ಕೇಳಿದ ರೀತಿ ಸರಿ ಇರಲಿಲ್ಲ. ಡೆಬಿಯನ್ನಿನಲ್ಲಿ ತಂಡಗಳಿವೆ: ಪೈಥಾನ್‌ಗೆ ಒಂದು, ಫಾಂಟುಗಳಿಗೆ ಒಂದು. ಪೈಥಾನ್ ತಂಡದ ನಿಯಮ ಓದಿ, ಸಾಲ್ಸಾದಲ್ಲಿ, ಅಂದರೆ ಅವರು ಕೋಡು ಇಡುವ ಗಿಟ್ ತಾಣದಲ್ಲಿ, ಖಾತೆ ಮಾಡಿ, ತಂಡಕ್ಕೆ ಸೇರಿಸಿಕೊಳ್ಳಿ ಅಂತ ಕೇಳಿದೆ. ಹತ್ತು ದಿನದಲ್ಲಿ ಜರ್ಮನಿಯ ಒಬ್ಬರು ನನ್ನ ಪ್ಯಾಕೇಜು ತೆಗೆದು ನೋಡಿದರು. ಇಪ್ಪತ್ಮೂರು ತಿದ್ದುಪಡಿ ಬರೆದು ಕಳಿಸಿದರು. ಕೊನೆಯಲ್ಲಿ, ಹಳೇ ಕನ್ನಡ ಬರಹ ಹೇಗಿರುತ್ತೆ ಅಂತ ನೋಡುವ ಆಸೆ, ಒಂದು ಫೈಲು ಕಳಿಸಿ ಅಂತ ಕೇಳಿದ್ದರು. ಒಂದು ಮದುವೆ ಕಾರ್ಡಿನ ಫೈಲನ್ನು ಹೆಸರು ತೆಗೆದು ಕಳಿಸಿದೆ. ನೀವು ಶುರು ಮಾಡುವುದಾದರೆ ಮೊದಲು ತಂಡ ಹುಡುಕಿ, ಆಮೇಲೆ ಪ್ಯಾಕೇಜು ಮಾಡಿ.

ಇದರ ನಡುವೆ ಎಕ್ಸ್‌ಝೆಡ್ ಸುದ್ದಿ ಬಂತು. 2024ರ ಮಾರ್ಚ್ 29. ಲಿನಕ್ಸ್ ಲೋಕದಲ್ಲಿ ಎಲ್ಲೆಲ್ಲೂ ಇರುವ ಒಂದು ಕಂಪ್ರೆಷನ್ ಸಾಫ್ಟ್‌ವೇರ್ ಅದು. ಅದರ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಯಾರೋ ಕಳ್ಳಬಾಗಿಲು ಇಟ್ಟಿದ್ದರು. ದೂರದ ಕಂಪ್ಯೂಟರಿಗೆ ಹೋಗುವ ಎಸ್‌ಎಸ್‌ಎಚ್ ಲಾಗಿನ್ ಅರ್ಧ ಸೆಕೆಂಡ್ ತಡ ಆಗುತ್ತಿದೆಯಲ್ಲ ಅಂತ ಆಂಡ್ರೆಸ್ ಫ್ರಾಯಿಂಡ್ ಅನ್ನುವ ಎಂಜಿನಿಯರ್ ಬೆನ್ನುಹತ್ತಿ ಹೋಗಿದ್ದರಿಂದ ಸಿಕ್ಕಿತು. ಡೆಬಿಯನ್ನಿನ ಸ್ಥಿರ ಆವೃತ್ತಿಗೆ ಅದು ಬಂದಿರಲಿಲ್ಲ. ಆದರೆ ಹೊಸ ಪ್ಯಾಕೇಜು ಮೊದಲು ಬರುವ ಅನ್‌ಸ್ಟೇಬಲ್‌ಗೆ, ಮುಂದಿನ ಬಿಡುಗಡೆ ತಯಾರಾಗುವ ಟೆಸ್ಟಿಂಗ್‌ಗೆ ಬಂದಿತ್ತು. ನಾನು ಪ್ಯಾಕೇಜು ಮಾಡುತ್ತಿದ್ದ ಕಂಪ್ಯೂಟರ್ ಅನ್‌ಸ್ಟೇಬಲ್. ಆ ಶನಿವಾರ ಎಲ್ಲವನ್ನೂ ಅಳಿಸಿ ಮತ್ತೆ ಹಾಕಿದೆ.

ನನ್ನನ್ನು ಹೆಚ್ಚು ಕಾಡಿದ್ದು ಬೇರೆ ವಿಷಯ. ಅದನ್ನು ಮಾಡಿದ ವ್ಯಕ್ತಿ ಎರಡು ವರ್ಷಕ್ಕೂ ಜಾಸ್ತಿ ಒಳ್ಳೆಯವನ ಹಾಗೆ ಕೆಲಸ ಮಾಡಿ, ಒಬ್ಬಂಟಿಯಾಗಿ ದಣಿದಿದ್ದ ಮೂಲ ನಿರ್ವಾಹಕರ ನಂಬಿಕೆ ಗಳಿಸಿ, ಆಮೇಲೆ ಈ ಕೆಲಸ ಮಾಡಿದ್ದ. ಹೊಸಬರ ಪ್ಯಾಕೇಜನ್ನು ಡೆಬಿಯನ್‌ನವರು ಯಾಕೆ ಒಂದೊಂದು ಸಾಲು ನೋಡುತ್ತಾರೆ ಅಂತ ಅದಕ್ಕೆ ಮುಂಚೆ ಒಳಗೊಳಗೇ ಬೇಸರ ಇತ್ತು. ಆ ದಿನದಿಂದ ಅದು ಹೋಯಿತು.

ಮೇ ತಿಂಗಳಲ್ಲಿ ಆ ಜರ್ಮನಿಯವರೇ ಸ್ಪಾನ್ಸರ್ ಆಗಿ ಅಪ್‌ಲೋಡ್ ಮಾಡಿದರು. ಹೊಸ ಪ್ಯಾಕೇಜು ನೇರವಾಗಿ ಭಂಡಾರಕ್ಕೆ ಹೋಗುವುದಿಲ್ಲ. ನ್ಯೂ ಅನ್ನುವ ಸಾಲಿನಲ್ಲಿ ನಿಲ್ಲುತ್ತೆ. ಆಗ ಎಫ್‌ಟಿಪಿ ಮಾಸ್ಟರ್ ಅನ್ನುವ ತಂಡದವರು ಪ್ರತಿ ಫೈಲಿನ ಲೈಸೆನ್ಸ್ ಏನು, ಅದನ್ನು ಹಂಚುವ ಹಕ್ಕು ಇದೆಯಾ ಅಂತ ನೋಡುತ್ತಿದ್ದರು. ಕೆಲವೇ ಜನ, ಅವರೂ ಸ್ವಯಂಸೇವಕರು. ನನ್ನದಕ್ಕೆ ಏಳು ವಾರ ಹಿಡಿಯಿತು. ದಿನಾ ಬೆಳಿಗ್ಗೆ ಅಂಗಡಿಗೆ ಹೋಗಿ ಮೊದಲು ಆ ಸಾಲನ್ನು ನೋಡುವುದು ಅಭ್ಯಾಸ ಆಗಿತ್ತು. ಜುಲೈನಲ್ಲಿ ಉತ್ತರ ಬಂತು: ತಿರಸ್ಕಾರ.

ಕಾರಣ ಒಂದೇ ಫೈಲು. ಯಾವ ಹಳೇ ಗುರುತು ಯಾವ ಕನ್ನಡ ಅಕ್ಷರ ಅನ್ನುವ ಕೋಷ್ಟಕದ ಫೈಲು. ಪ್ರೋಗ್ರಾಮಿನ ಲೈಸೆನ್ಸ್ ಜಿಪಿಎಲ್ 3, ಅಂದರೆ ಯಾರು ಬೇಕಾದರೂ ಬಳಸಿ, ತಿದ್ದಿ, ಹಂಚಬಹುದು, ಸರಿ. ಆದರೆ ಆ ಕೋಷ್ಟಕದ ತಲೆಯಲ್ಲಿ ಬೇರೆಯವರ ಹೆಸರಿತ್ತು, ಲೈಸೆನ್ಸ್ ಇರಲಿಲ್ಲ. ನಾನು ಆ ಸಾಲನ್ನು ನೂರು ಸಲ ನೋಡಿದ್ದೆ, ಅದರ ಅರ್ಥ ಯೋಚಿಸಿರಲಿಲ್ಲ. ಲೈಸೆನ್ಸ್ ಬರೆದಿಲ್ಲ ಅಂದರೆ ಯಾರು ಬೇಕಾದರೂ ಬಳಸಬಹುದು ಅಂತಲ್ಲ, ಯಾರಿಗೂ ಹಂಚುವ ಹಕ್ಕಿಲ್ಲ ಅಂತ. ಅಲ್ಲಿಯವರೆಗೆ ನನ್ನ ಭಂಡಾರದಿಂದ ನಾನೂ ಅದನ್ನು ಹಕ್ಕಿಲ್ಲದೆ ಹಂಚಿದ್ದೆ.

ಶಿವಮೊಗ್ಗದವರಿಗೆ ಬರೆದೆ. ಅವರಿಗೆ ಆ ಫೈಲನ್ನು ಬಹಳ ಹಿಂದೆ ಯಾರೋ ಪೆನ್‌ಡ್ರೈವಿನಲ್ಲಿ ಕೊಟ್ಟಿದ್ದರಂತೆ. ಹೆಸರು ಹಿಡಿದು ಹುಡುಕಿದೆ. ಮುದ್ರಣಾಲಯದವರನ್ನು, ಹಳೇ ಡಿಟಿಪಿಯವರನ್ನು ಕೇಳಿದೆ. ಮೂರು ವಾರದ ಮೇಲೆ ಬೇಲೂರಿನ ಒಬ್ಬರು "ಅಯ್ಯೋ, ಅವರು ನಮ್ಮ ಕನ್ನಡ ಮೇಷ್ಟ್ರು, ರಿಟೈರ್ ಆಗಿ ಚಿಕ್ಕಮಗಳೂರಲ್ಲಿದ್ದಾರೆ" ಅಂದರು.

ಭಾನುವಾರ ಬೇಲೂರು ಮೇಲೆ ಬಸ್ಸಿನಲ್ಲಿ ಹೋದೆ. ಜೋರು ಮಳೆ. ಮೇಷ್ಟ್ರಿಗೆ ಎಪ್ಪತ್ತು ದಾಟಿದೆ. ಮನೆಯವರು ಕಾಫಿ ಕೊಟ್ಟರು. ನಾನು ಲ್ಯಾಪ್‌ಟಾಪ್ ತೆಗೆದು ಅವರ ಹೆಸರಿರುವ ಸಾಲನ್ನು ತೋರಿಸಿದೆ. ಕನ್ನಡಕ ಹಾಕಿಕೊಂಡು ನೋಡಿದರು. ಮಾತಾಡಲಿಲ್ಲ. ಎದ್ದು ಒಳಗೆ ಹೋಗಿ ಒಂದು ಉದ್ದನೆಯ ನೋಟ್‌ಬುಕ್ ತಂದರು. ಪೂರ್ತಿ ಕೋಷ್ಟಕ ಕೈಬರಹದಲ್ಲಿ. ಎಡಕ್ಕೆ ಹಳೇ ಗುರುತು, ಬಲಕ್ಕೆ ಅಕ್ಷರ, ಒತ್ತಕ್ಷರಗಳಿಗೆ ಕೆಂಪು ಇಂಕು. ಶಾಲೆ ಮುಗಿಸಿ ಬಂದು ರಾತ್ರಿ ರಾತ್ರಿ ಒಂದೊಂದು ಕೀ ಒತ್ತಿ ನೋಡಿ ಬರೆದದ್ದಂತೆ. "ಶಾಲೆಯ ಪತ್ರಿಕೆ ಉಳಿಸೋಣ ಅಂತ ಮಾಡಿದ್ದು ಕಣಪ್ಪಾ. ಇದು ಎಲ್ಲಿಗೆ ಹೋಯ್ತು ಅಂತ ನನಗೇ ಗೊತ್ತಿರಲಿಲ್ಲ" ಅಂದರು.

ಯಾರು ಬೇಕಾದರೂ ಬಳಸಲಿ ಅಂತ ಕೂಡಲೇ ಒಪ್ಪಿದರು. ಆದರೆ ಒಂದು ಷರತ್ತು. "ಮಾರಬಾರದು ಅಂತ ಬರೀರಿ. ನಾನು ದುಡ್ಡಿಗೆ ಮಾಡಿದ್ದಲ್ಲ."

ಇಲ್ಲಿ ನನಗೆ ಕಷ್ಟ ಆಯಿತು. ಡೆಬಿಯನ್ನಿಗೆ ಒಂದು ಸಾಮಾಜಿಕ ಒಪ್ಪಂದ ಇದೆ, 1997ರಿಂದ. ಅದರ ಜೊತೆ ಸ್ವತಂತ್ರ ಸಾಫ್ಟ್‌ವೇರಿನ ಮಾರ್ಗಸೂಚಿ. ಅದರ ಪ್ರಕಾರ ವ್ಯಾಪಾರಕ್ಕೆ ಬಳಸಬಾರದು, ಮಾರಬಾರದು ಅನ್ನುವ ಷರತ್ತು ಇದ್ದರೆ ಮುಖ್ಯ ಭಂಡಾರಕ್ಕೆ ಸೇರಿಸುವುದಿಲ್ಲ. ಆ ಹಿರಿಯರ ಮಾತು ತಪ್ಪು ಅಂತ ನನಗೆ ಅನ್ನಿಸಲೂ ಇಲ್ಲ. ಅವರ ಶ್ರಮ ಅದು.

ನನ್ನ ಅಂಗಡಿಯ ಲೆಕ್ಕವನ್ನೇ ಹೇಳಿದೆ. "ಸಾರ್, ಹಳೇ ಫೈಲು ಬದಲಾಯಿಸಿ ಕೊಟ್ಟರೆ ನಾನು ಪುಟಕ್ಕೆ ಹತ್ತು ರೂಪಾಯಿ ತಗೋತೀನಿ. ಅದೂ ವ್ಯಾಪಾರವೇ ಅಲ್ವಾ? ಷರತ್ತು ಹಾಕಿದರೆ ನನ್ನಂಥವರು ಬಳಸುವ ಹಾಗಿಲ್ಲ. ಡೆಬಿಯನ್ ಸಿಡಿ ಮಾಡಿ ಐವತ್ತು ರೂಪಾಯಿಗೆ ಕೊಡುವವರೂ ಸೇರಿಸುವ ಹಾಗಿಲ್ಲ." ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: "ಯಾರಾದರೂ ಇದನ್ನು ತಗೊಂಡು, ನಾಲ್ಕು ಅಕ್ಷರ ಸೇರಿಸಿ, ಬೀಗ ಹಾಕಿ ತಮ್ಮದು ಅಂದ್ರೆ?" ಅವರ ನಿಜವಾದ ಭಯ ಮಾರುವುದಲ್ಲ, ಬೀಗ. ಅದಕ್ಕೆ ಜಿಪಿಎಲ್‌ನಲ್ಲೇ ಉತ್ತರ ಇದೆ. ತಿದ್ದಿ ಹಂಚುವವರು ತಿದ್ದಿದ್ದನ್ನೂ ಅದೇ ಹಕ್ಕಿನ ಜೊತೆ ಕೊಡಬೇಕು, ಮೂಲ ಬರೆದವರ ಹೆಸರು ಅಳಿಸುವ ಹಾಗಿಲ್ಲ. ಅದನ್ನು ನಿಧಾನವಾಗಿ ಕನ್ನಡದಲ್ಲಿ ಬಿಡಿಸಿ ಹೇಳಿದೆ. ಎರಡು ಗಂಟೆ ಮಾತಾಡಿದೆವು. ಕೊನೆಗೆ ಅವರ ಮಗಳ ಸಹಾಯದಿಂದ ಅವರದೇ ಮೇಲ್‌ನಿಂದ ನಾಲ್ಕು ಸಾಲಿನ ಒಪ್ಪಿಗೆ ಕಳಿಸಿದರು. ಶಿವಮೊಗ್ಗದವರು ಅದನ್ನು ಫೈಲಿನ ತಲೆಯಲ್ಲಿ ಸೇರಿಸಿ ಹೊಸ ಆವೃತ್ತಿ ಬಿಟ್ಟರು.

ಇದನ್ನು ಓದುವವರು ಬೇರೆ ಏನು ಮರೆತರೂ ಇದನ್ನು ಮರೆಯಬೇಡಿ: ಪ್ಯಾಕೇಜು ಕೆಲಸ ಶುರು ಮಾಡುವ ಮೊದಲು ಪ್ರತಿ ಫೈಲಿನ ತಲೆ ಓದಿ. ಚಿತ್ರ, ಫಾಂಟು, ಪದಪಟ್ಟಿ, ಕೋಷ್ಟಕ, ಯಾವುದನ್ನೂ ಬಿಡಬೇಡಿ. ಕನ್ನಡದ ಹಳೇ ಸಾಫ್ಟ್‌ವೇರುಗಳಲ್ಲಿ ಇದು ತುಂಬಾ ಇದೆ. ಪ್ರೀತಿಯಿಂದ ಮಾಡಿ ಹಂಚಿದ್ದಾರೆ, ಲೈಸೆನ್ಸ್ ಬರೆದಿಲ್ಲ. ಬರೆದವರು ಇರುವಾಗಲೇ ಹೋಗಿ ಕೇಳಿ. ಒಪ್ಪಿಗೆ ಬಾಯಿಮಾತಲ್ಲಿ ಬೇಡ, ಬರಹದಲ್ಲಿ ಇರಲಿ. ಬಳಸುವುದು, ತಿದ್ದುವುದು, ಹಂಚುವುದು, ಮಾರುವುದು ಇವೆಲ್ಲಕ್ಕೂ ಅನುಮತಿ ಇರುವ, ಹೆಸರಿರುವ ಲೈಸೆನ್ಸನ್ನೇ ಬರೆಸಿಕೊಳ್ಳಿ.

ಆಗಸ್ಟ್ ಕೊನೆಯಲ್ಲಿ ಮತ್ತೆ ಅಪ್‌ಲೋಡ್. ಅಕ್ಟೋಬರ್ ಕೊನೆಗೆ ಹಾಸನಾಂಬೆ ಬಾಗಿಲು ತೆರೆದಿತ್ತು. ಊರು ತುಂಬಾ ಜನ, ಅಂಗಡಿಯಲ್ಲಿ ಬ್ಯಾನರು, ಪಾಸು, ಕರಪತ್ರ ಅಂತ ಉಸಿರಾಡಲು ಬಿಡುವಿಲ್ಲ. ಆ ಗದ್ದಲದಲ್ಲಿ ಸೇರಿದೆ ಅನ್ನುವ ಮೇಲ್ ಬಂದದ್ದನ್ನು ನಾನು ನೋಡಿದ್ದು ಮರುದಿನ ಬೆಳಿಗ್ಗೆ. ಮೇಷ್ಟ್ರಿಗೆ ಫೋನ್ ಮಾಡಿದೆ. "ಆಗ್ಲಿ, ಒಳ್ಳೇದಾಯ್ತು" ಅಂದರು.

ಸೇರಿತು ಅಂದರೆ ಅನ್‌ಸ್ಟೇಬಲ್‌ಗೆ ಸೇರಿತು. ಅಲ್ಲಿಂದ ಟೆಸ್ಟಿಂಗ್‌ಗೆ ಸಾಮಾನ್ಯವಾಗಿ ಐದು ದಿನದಲ್ಲಿ ತಾನಾಗೇ ಹೋಗುತ್ತೆ ಅಂತ ಓದಿದ್ದೆ. ಹದಿನೈದು ದಿನ ಆದರೂ ಹೋಗಲಿಲ್ಲ. ನ್ಯೂ ಸಾಲಿಗೆ ಬಿಲ್ಡ್ ಮಾಡಿದ ಪ್ಯಾಕೇಜನ್ನೂ ಕಳಿಸಬೇಕು, ಆದರೆ ಟೆಸ್ಟಿಂಗ್‌ಗೆ ಹೋಗಬೇಕಾದರೆ ಡೆಬಿಯನ್ನಿನ ಯಂತ್ರಗಳೇ ಬಿಲ್ಡ್ ಮಾಡಿರಬೇಕು. ಹಾಗಾಗಿ ಸೇರಿದ ಮೇಲೆ ಮೂಲ ಕೋಡನ್ನು ಮಾತ್ರ ಇನ್ನೊಂದು ಸಲ ಅಪ್‌ಲೋಡ್ ಮಾಡಬೇಕು. ಇದನ್ನು ಮೊದಲೇ ತಿಳಿದುಕೊಂಡಿದ್ದರೆ ಎರಡು ವಾರ ಉಳಿಯುತ್ತಿತ್ತು.

ಆಮೇಲಿನ ಚಳಿಗಾಲದಲ್ಲಿ ಡೆಬಿಯನ್ನಿಗೆ ಪೈಥಾನ್ 3.13 ಬಂತು. ಆ ಆವೃತ್ತಿಯಲ್ಲಿ 19 ಹಳೇ ಮಾಡ್ಯೂಲುಗಳನ್ನು, ಅಂದರೆ ಪೈಥಾನ್ ಜೊತೆಗೇ ಬರುವ ಸಿದ್ಧ ಕೋಡಿನ ಭಾಗಗಳನ್ನು, ತೆಗೆದುಹಾಕಿದ್ದಾರೆ. ನಮ್ಮ ಪ್ರೋಗ್ರಾಂ ಅದರಲ್ಲಿ ಸಿಜಿಐ ಅನ್ನುವುದನ್ನು ಬಳಸುತ್ತಿತ್ತು. ಬಿಲ್ಡ್ ಆಗುತ್ತಿಲ್ಲ ಅನ್ನುವ ಗಂಭೀರ ಬಗ್ ಬಿತ್ತು. ಜೊತೆಗೆ ಇಂಥ ತಾರೀಖಿಗೆ ಟೆಸ್ಟಿಂಗ್‌ನಿಂದ ತೆಗೆಯಲಾಗುತ್ತೆ ಅನ್ನುವ ಸೂಚನೆ. ಆ ಮೇಲ್ ಬಂದಾಗ ಗಾಬರಿ ಆಗುತ್ತೆ. ಆಗಬೇಡಿ. ಅದು ಯಂತ್ರ ಕಳಿಸುವ ಮೇಲ್. ಬಗ್‌ಗೆ ಉತ್ತರ ಬರೆದು ಕೆಲಸ ಶುರು ಮಾಡಿದರೆ ಸಮಯ ಸಿಗುತ್ತೆ. ನಾಲ್ಕು ಸಂಜೆಯಲ್ಲಿ ಸರಿ ಹೋಯಿತು.

ನಿಜವಾದ ಪರೀಕ್ಷೆ ಜುಲೈನಲ್ಲಿ. ಡೆಬಿಯನ್ 13, ಅಂದರೆ ಟ್ರಿಕ್ಸಿ, ಬಿಡುಗಡೆಗೆ ತಯಾರಾಗುತ್ತಿತ್ತು. 2025ರ ಮೇ 15ರಿಂದ ಗಟ್ಟಿ ಫ್ರೀಜ್, ಅಂದರೆ ಬದಲಾವಣೆಗೆ ತಡೆ, ಜುಲೈ 27ಕ್ಕೆ ಪೂರ್ತಿ ಫ್ರೀಜ್. ಆ ಸಮಯದಲ್ಲಿ ನಮ್ಮ ಪ್ಯಾಕೇಜಿನಲ್ಲಿ ಏನಾದರೂ ಬದಲಾಯಿಸಬೇಕಾದರೆ ಬಿಡುಗಡೆ ತಂಡದ ಅನುಮತಿ ಕೇಳಬೇಕಿತ್ತು. ಆಗ ಒಂದು ಬಗ್ ಬಂತು. "ರ‍್ಯಾಂಕ್" ಅನ್ನುವ ಪದ ಬದಲಾದ ಮೇಲೆ "ರ್ಯಾಂಕ್" ಆಗುತ್ತಿದೆ. ರ ಆದ ಮೇಲೆ ಕಣ್ಣಿಗೆ ಕಾಣದ ಒಂದು ಜೋಡಿಸುವ ಗುರುತು ಇರಬೇಕು, ಅದು ಬಿದ್ದುಹೋಗುತ್ತಿತ್ತು. ಓದುವವರಿಗೆ ಅರ್ಕಾವತ್ತಿನ ಒಂದು ಸಣ್ಣ ವ್ಯತ್ಯಾಸ. ಆದರೆ ಪ್ರೋಗ್ರಾಂ ಮೂಲ ಫೈಲಿನ ಮೇಲೇ ಬರೆಯುತ್ತಿದ್ದುದರಿಂದ ಹಳೆಯದು ವಾಪಸ್ ಸಿಗುವುದಿಲ್ಲ. ಬಳಕೆದಾರರ ಬರಹ ಕಳೆಯುವ ತಪ್ಪು ಗಂಭೀರವೇ.

ನಾನು ಆಗ ಸಕಲೇಶಪುರದ ಹತ್ತಿರ ನಮ್ಮ ಹಳ್ಳಿಯಲ್ಲಿದ್ದೆ. ಗಾಳಿಮಳೆ. ಎರಡು ದಿನದಿಂದ ಕರೆಂಟಿಲ್ಲ, ಟವರ್ ಸತ್ತಿತ್ತು, ಹಾಸನದ ಕಡೆ ಹೋಗುವ ದಾರಿಗೆ ಮರ ಬಿದ್ದಿತ್ತು. ಲ್ಯಾಪ್‌ಟಾಪನ್ನು ಎರಡು ಪ್ಲಾಸ್ಟಿಕ್ ಕವರಲ್ಲಿ ಸುತ್ತಿ ಬೈಕಿನಲ್ಲಿ ಒಳದಾರಿ ಹಿಡಿದು ಸಕಲೇಶಪುರಕ್ಕೆ ಹೋದೆ. ಗೆಳೆಯನ ಮೆಡಿಕಲ್ ಸ್ಟೋರಿನಲ್ಲಿ ಇನ್ವರ್ಟರ್ ಇತ್ತು. ಔಷಧಿ ಪೆಟ್ಟಿಗೆಗಳ ನಡುವೆ ಕೂತು ಆರು ಸಾಲು ತಿದ್ದಿದೆ. ಫ್ರೀಜ್ ಸಮಯದಲ್ಲಿ ಎಷ್ಟು ಕಡಿಮೆ ಬದಲಾಯಿಸುತ್ತೀರೋ ಅಷ್ಟು ಒಳ್ಳೆಯದು. ಇನ್ನೂ ಎರಡು ಕಡೆ ಕೋಡು ಚಂದ ಮಾಡುವ ಆಸೆ ಇತ್ತು, ಕೈ ಹಿಡಿದುಕೊಂಡೆ. ಹಳೆಯದಕ್ಕೂ ಹೊಸದಕ್ಕೂ ಇರುವ ವ್ಯತ್ಯಾಸದ ಪಟ್ಟಿ, ಯಾಕೆ ಬೇಕು ಅನ್ನುವ ಎರಡು ಸಾಲು, ಹೇಗೆ ಪರೀಕ್ಷೆ ಮಾಡಿದೆ ಅನ್ನುವುದು, ಇಷ್ಟು ಕಳಿಸಿದೆ. ಸ್ಪಾನ್ಸರ್ ಆ ರಾತ್ರಿಯೇ ಅಪ್‌ಲೋಡ್ ಮಾಡಿದರು. ಮೂರನೇ ದಿನ ಬಿಡುಗಡೆ ತಂಡ ಒಪ್ಪಿತು.

ಆಗಸ್ಟ್ 9ಕ್ಕೆ ಟ್ರಿಕ್ಸಿ ಬಿಡುಗಡೆ ಆಯಿತು. ಒಟ್ಟು 69,830 ಪ್ಯಾಕೇಜುಗಳು. ಅದರಲ್ಲಿ ಒಂದು ನಮ್ಮದು.

ಪ್ರತಿ ಸಲ ಸ್ಪಾನ್ಸರನ್ನು ಕಾಡುವುದು ಸರಿಯಲ್ಲ ಅಂತ ಅವರೇ ಮೇಂಟೇನರ್, ಅಂದರೆ ತನ್ನ ಪ್ಯಾಕೇಜನ್ನು ತಾನೇ ಅಪ್‌ಲೋಡ್ ಮಾಡುವವನು, ಆಗಲು ಅರ್ಜಿ ಹಾಕಿ ಅಂದರು. ಅದಕ್ಕೆ ನನ್ನ ಕೀಲಿಗೆ ಡೆಬಿಯನ್ ಡೆವಲಪರ್‌ಗಳ ಸಹಿ ಬೇಕು. ಅದು ಮುಖಾಮುಖಿ ಭೇಟಿಯಾಗಿ, ಗುರುತಿನ ಚೀಟಿ ತೋರಿಸಿ ಆಗುವ ಕೆಲಸ. ಬೆಂಗಳೂರಿನಲ್ಲಿ ಇಬ್ಬರು ಒಪ್ಪಿದರು. ಕೀಲಿಯ 40 ಅಂಕಿ-ಅಕ್ಷರಗಳ ಬೆರಳಚ್ಚನ್ನು, ಅಂದರೆ ಅದನ್ನು ಗುರುತಿಸುವ ಸಂಖ್ಯೆಯನ್ನು, ಸಣ್ಣ ಚೀಟಿಗಳಲ್ಲಿ ಅಚ್ಚು ಹಾಕಿಕೊಂಡು ಬೆಳಿಗ್ಗೆ ರೈಲು ಹತ್ತಿದೆ.

ಯಶವಂತಪುರದ ಹತ್ತಿರ ಒಂದು ಹೋಟೆಲಿನಲ್ಲಿ ಭೇಟಿ. ಒಬ್ಬರು ಆಧಾರ್ ನೋಡಿದರು, ಡಿಎಲ್ ನೋಡಿದರು, ಚೀಟಿ ನೋಡಿದರು. "ಸಾರ್, ಮೂರರಲ್ಲೂ ಹೆಸರು ಬೇರೆ ಬೇರೆ ಇದೆಯಲ್ಲ." ನಿಜ. ನನಗೆ ಎರಡು ಇನಿಷಿಯಲ್, ಊರಿನದ್ದು ಒಂದು, ಅಪ್ಪನದ್ದು ಒಂದು. ಕೀಲಿಯಲ್ಲಿ ಎರಡೂ ಇತ್ತು. ಡಿಎಲ್‌ನಲ್ಲಿ ಅಪ್ಪನದ್ದು ಮಾತ್ರ. ಆಧಾರ್‌ನಲ್ಲಿ ಇನಿಷಿಯಲ್ ಬಿಡಿಸಿ ಅಪ್ಪನ ಪೂರ್ತಿ ಹೆಸರು. ನಮ್ಮ ಕಡೆ ಅರ್ಧ ಜನರ ಕಥೆ ಇದೇ. "ಬೇಜಾರು ಮಾಡ್ಕೋಬೇಡಿ, ಇವತ್ತು ಸಹಿ ಹಾಕೋಕೆ ಆಗಲ್ಲ" ಅಂದರು. ಊಟ ಅವರೇ ಕೊಡಿಸಿದರು. ಸಂಜೆ ರೈಲಿನಲ್ಲಿ ಕುಣಿಗಲ್ ದಾಟುವವರೆಗೆ ಯಾರ ಜೊತೆಯೂ ಮಾತಾಡುವ ಮನಸ್ಸಿರಲಿಲ್ಲ.

ಕೀಲಿಗೆ ಆಧಾರ್‌ನಲ್ಲಿ ಇರುವಂತೆಯೇ ಇನ್ನೊಂದು ಹೆಸರು ಸೇರಿಸಿದೆ. ಆಧಾರ್‌ಗೆ ಹೊಂದುವ ಪ್ಯಾನ್ ಕಾರ್ಡು ಮನೆಯಲ್ಲೇ ಇತ್ತು, ತೆಗೆದುಕೊಂಡು ಮೂರು ವಾರದ ಮೇಲೆ ಮತ್ತೆ ಹೋದೆ. ಹದಿನೈದು ನಿಮಿಷದಲ್ಲಿ ಕೆಲಸ ಮುಗಿಯಿತು. ಇಬ್ಬರ ಸಹಿಯೂ ಆ ವಾರ ಮೇಲ್‌ನಲ್ಲಿ ಬಂತು. ನೀವು ಹೋಗುವ ಮುಂಚೆ ಎರಡು ಗುರುತಿನ ಚೀಟಿ ಪಕ್ಕಪಕ್ಕ ಇಟ್ಟು ಅಕ್ಷರ ಅಕ್ಷರ ಹೋಲಿಸಿ. ಕೀಲಿ ಮಾಡುವ ದಿನವೇ ಇದನ್ನು ಮಾಡಿದರೆ ಇನ್ನೂ ಒಳ್ಳೆಯದು. ಕೀಲಿ ಕಳೆದರೆ ರದ್ದು ಮಾಡುವ ಪ್ರಮಾಣಪತ್ರವನ್ನು ಕಾಗದದಲ್ಲಿ ಅಚ್ಚು ಹಾಕಿ ಬೀರುವಿನಲ್ಲಿ ಇಡಿ.

ಅರ್ಜಿ ಹಾಕುವುದು ಸುಲಭ. ಸಾಮಾಜಿಕ ಒಪ್ಪಂದಕ್ಕೆ ಬದ್ಧ ಅಂತ ಸಹಿ ಮಾಡಿದ ಹೇಳಿಕೆ, ಯಾಕೆ ಆಗಬೇಕು ಅಂತ ನಾಲ್ಕು ಸಾಲು, ನಮ್ಮ ಕೆಲಸ ನೋಡಿದ ಡೆವಲಪರ್ ಒಬ್ಬರ ಶಿಫಾರಸು. ಕೀರಿಂಗನ್ನು ಸುಮಾರು ತಿಂಗಳಿಗೊಮ್ಮೆ ಹೊಸದು ಮಾಡುತ್ತಾರೆ, ಅದಕ್ಕೆ ಐದು ವಾರ ಆಯಿತು. ಕೀಲಿ ಸೇರಿದರೆ ಮಾತ್ರ ಸಾಲದು. ಯಾವ ಪ್ಯಾಕೇಜು ಅಪ್‌ಲೋಡ್ ಮಾಡಬಹುದು ಅಂತ ಒಬ್ಬ ಡೆವಲಪರ್ ಪ್ರತ್ಯೇಕವಾಗಿ ಅನುಮತಿ ಕೊಡಬೇಕು. ಹೊಚ್ಚ ಹೊಸ ಪ್ಯಾಕೇಜಿಗೆ ಈಗಲೂ ಸ್ಪಾನ್ಸರ್ ಬೇಕೇ ಬೇಕು.

ಖರ್ಚು ಕೇಳುವವರಿಗೆ: ಡೆಬಿಯನ್ನಿಗೆ ಒಂದು ರೂಪಾಯಿಯೂ ಕೊಡಬೇಕಿಲ್ಲ. ನನಗೆ ಆದದ್ದು ಎರಡು ಸಲ ಬೆಂಗಳೂರು, ಒಂದು ಸಲ ಚಿಕ್ಕಮಗಳೂರು, ಊಟ ಸೇರಿ ಸುಮಾರು 2,000. ಬಿಲ್ಡ್ ಮಾಡಲು ಜಾಗ ಸಾಲದೆ ತೆಗೆದುಕೊಂಡ ಎಸ್‌ಎಸ್‌ಡಿ 3,200. ಮೊದಲಿನ ಸ್ವಂತ ಸರ್ವರಿಗೆ ವರ್ಷಕ್ಕೆ 6,000 ಹೋಗುತ್ತಿತ್ತು, ಅದನ್ನು ಈಗ ನಿಲ್ಲಿಸಿದ್ದೇನೆ. ಸಮಯದ ಲೆಕ್ಕ ಬೇರೆ. ಮನೆಯಲ್ಲಿ ಹೆಂಡತಿ ಒಂದು ರಾತ್ರಿ ಕೇಳಿದಳು: "ರೀ, ಇದಕ್ಕೆ ಅವರು ಏನಾದ್ರೂ ಕೊಡ್ತಾರಾ?" ಇಲ್ಲ ಅಂದೆ. ಮೇಷ್ಟ್ರ ನೋಟ್‌ಬುಕ್ಕಿನ ಕಥೆ ಹೇಳಿದೆ. ಆಮೇಲೆ ಅವಳು ಆ ಪ್ರಶ್ನೆ ಕೇಳಲಿಲ್ಲ. ಭಾನುವಾರ ಮಧ್ಯಾಹ್ನದವರೆಗೆ ಅಂಗಡಿ ತಾನೇ ನೋಡಿಕೊಳ್ಳುತ್ತೇನೆ ಅಂದಳು.

ಡೆಬಿಯನ್ನಿನಲ್ಲಿ ಯಾವ ಪ್ಯಾಕೇಜು ಹಾಕಿದರೂ ಅದರ ಜೊತೆ ಕಾಪಿರೈಟ್ ಫೈಲು ಬರುತ್ತೆ. ಅದರಲ್ಲಿ ಬರೆದವರ ಹೆಸರು ಇರುತ್ತೆ. ಟ್ರಿಕ್ಸಿ ಬಂದ ವಾರ ಅದನ್ನು ದಪ್ಪ ಕಾಗದದಲ್ಲಿ ಅಚ್ಚು ಹಾಕಿ ಚಿಕ್ಕಮಗಳೂರಿಗೆ ಅಂಚೆಯಲ್ಲಿ ಕಳಿಸಿದ್ದೆ. ಮೊನ್ನೆ ಕೀರಿಂಗ್ ವಿಷಯ ಹೇಳಲು ಫೋನ್ ಮಾಡಿದಾಗ ಮೇಷ್ಟ್ರು ಎಲ್ಲ ಕೇಳಿಕೊಂಡು, "ನೋಡಪ್ಪಾ, ಅಟ್ಟದ ಮೇಲೆ ಇನ್ನೊಂದು ನೋಟ್‌ಬುಕ್ ಸಿಕ್ಕಿದೆ. ಬೇರೆ ಫಾಂಟಿನದು. ಅರ್ಧ ಮಾತ್ರ ಬರೆದಿದ್ದೀನಿ. ಬಂದರೆ ಇಬ್ಬರೂ ಕೂತು ಮುಗಿಸಬಹುದು" ಅಂದರು. ಈ ಭಾನುವಾರ ಬೆಳಿಗ್ಗೆ ಏಳರ ಬಸ್ಸಿಗೆ ಹೊರಡುತ್ತಿದ್ದೇನೆ.